ಜೇಬಿನ ಮೊಬೈಲ್, ಮಿಕ್ಸರ್‌ನ ವಯರ್, ಸ್ಟ್ಯಾಂಡಿನ ಮೇಲಿನ ರೆಕಾರ್ಡರ್

ಆ ಬ್ಯಾಂಡಿನವರು ಒಂದು ಸಿಡಿಯನ್ನೂ ತರಲಿಲ್ಲ. ನಾಲ್ಕು ವರ್ಷ ಬೆಂಗಳೂರಿನ ಸಣ್ಣ ವೇದಿಕೆಗಳಲ್ಲಿ ನುಡಿಸಿದರು, ಹನ್ನೆರಡು ಸ್ವಂತ ಹಾಡು ಕಟ್ಟಿದರು. ಆಮೇಲೆ ಗಿಟಾರ್ ನುಡಿಸುತ್ತಿದ್ದವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಹಾಡುತ್ತಿದ್ದವಳು ಓದಲು ವಿದೇಶಕ್ಕೆ ಹೋದಳು, ತಂಡ ಅಲ್ಲಿಗೆ ನಿಂತಿತು. ಆ ಹನ್ನೆರಡರಲ್ಲಿ ಒಂಬತ್ತು ಹಾಡು ಇವತ್ತು ನನ್ನ ಹತ್ತಿರ ಇವೆ, ಅದರಲ್ಲೂ ಒಂದು ಅರ್ಧ ಮಾತ್ರ. ಉಳಿದ ಮೂರನ್ನು ನಾನು ಕೇಳಿದ್ದೇನೆ, ಎರಡರ ಪಲ್ಲವಿ ಈಗಲೂ ಬಾಯಿಗೆ ಬರುತ್ತದೆ. ಆದರೆ ಅವುಗಳ ಧ್ವನಿ ಎಲ್ಲಿಯೂ ಇಲ್ಲ. ಆ ಮೂರು ಹಾಡುಗಳ ಸಂಕಟದಿಂದಲೇ ನಾನು ರೆಕಾರ್ಡಿಂಗ್‌ನ ಬೆನ್ನು ಹತ್ತಿದ್ದು.

ಗಾಯಕ ರಘು ದೀಕ್ಷಿತ್, ಸ್ವರಾತ್ಮ ತಂಡದವರು ನಾಡಿಗೆಲ್ಲ ಪರಿಚಿತರಾದರು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ ಆಲ್ಬಂಗಳು ಬಂದವು. ಆದರೆ ಅವರ ಹಿಂದೆ ಮುಂದೆ ಅದೇ ವೇದಿಕೆ ಹತ್ತಿ ಇಳಿದ ತಂಡಗಳು ಲೆಕ್ಕವಿಲ್ಲದಷ್ಟು. ಅವರು ನುಡಿಸುತ್ತಿದ್ದಂಥ ಜಾಗಗಳಲ್ಲಿ ಇಂದಿರಾನಗರದ ಕೈರಾ ಈಗಿಲ್ಲ, ವೈಟ್‌ಫೀಲ್ಡಿನ ಕೌಂಟರ್ ಕಲ್ಚರ್ ಈಗಿಲ್ಲ. ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಇನ್ನೂ ಹಲವು ಕಡೆ ನೇರ ಸಂಗೀತ ನಿಂತುಹೋಯಿತು. ಸ್ಟುಡಿಯೋಗೆ ಹೋಗಲು ಹಣವಿಲ್ಲದ ತಂಡಕ್ಕೆ ವೇದಿಕೆಯೇ ಎಲ್ಲ. ಆ ರಾತ್ರಿಯ ರೆಕಾರ್ಡಿಂಗ್ ಇಲ್ಲದಿದ್ದರೆ ಹಾಡೇ ಇಲ್ಲ.

ಮೊದಲು ಮುದ್ರಿಸುವ ಬಗೆಗಳನ್ನು ಹೋಲಿಸುತ್ತೇನೆ. ಬೇರೆ ಬೇರೆ ರಾತ್ರಿಯ ರೆಕಾರ್ಡಿಂಗ್‌ಗಳನ್ನು ಇಟ್ಟುಕೊಂಡು ತೀರ್ಪು ಹೇಳುವುದು ನ್ಯಾಯವಲ್ಲ ಎನಿಸಿ, ಎಂಬತ್ತು ಜನ ಹಿಡಿಸುವ ಒಂದು ಕೋಣೆಯಲ್ಲಿ ನಡೆದ, ಬೇರೊಂದು ತಂಡದ ಒಂದೇ ಕಾರ್ಯಕ್ರಮವನ್ನು ಮೂರು ಬಗೆಯಲ್ಲಿ ಹಿಡಿದೆ. ಅಂಗಿಯ ಜೇಬಿನಲ್ಲಿ ಮೊಬೈಲ್, ಮೈಕುಗಳ ಧ್ವನಿಯನ್ನು ಕೂಡಿಸಿ ಸ್ಪೀಕರಿಗೆ ಕಳಿಸುವ ಮಿಕ್ಸರ್‌ನಿಂದ ಒಂದು ವಯರ್, ಸ್ಟ್ಯಾಂಡಿನ ಮೇಲೆ ಅಂಗೈಯಗಲದ ರೆಕಾರ್ಡರ್.

ಮೊಬೈಲಿನ ದೊಡ್ಡ ಗುಣ ಅದು ಸದಾ ಕೈಯಲ್ಲಿರುವುದು. ನನ್ನ ಒಂಬತ್ತು ಹಾಡುಗಳಲ್ಲಿ ಎರಡು ಉಳಿದಿರುವುದು ಯಾರೋ ಮೊಬೈಲ್ ಎತ್ತಿ ಹಿಡಿದದ್ದರಿಂದ. ಹಾಗಾಗಿ ಅದನ್ನು ಹೀಗಳೆಯುವ ಮನಸ್ಸು ನನಗಿಲ್ಲ. ಆದರೆ ಮೊಬೈಲ್ ಮಾತಿಗಾಗಿ ಮಾಡಿದ ಯಂತ್ರ. ಸದ್ದು ಜೋರಾದರೆ ತಾನೇ ತಗ್ಗಿಸುತ್ತದೆ, ಮೆಲುವಾದರೆ ತಾನೇ ಏರಿಸುತ್ತದೆ. ಆ ರಾತ್ರಿಯ ಮೂರನೆಯ ಹಾಡು ಒಂಟಿ ಗಿಟಾರಿನಿಂದ ಮೆಲ್ಲಗೆ ಶುರುವಾಗಿ, ಇದ್ದಕ್ಕಿದ್ದಂತೆ ಡ್ರಮ್ ಬೀಳುತ್ತದೆ. ಮೊಬೈಲಿನ ಪ್ರತಿಯಲ್ಲಿ ಡ್ರಮ್ ಬಿದ್ದ ಕೂಡಲೇ ಗಿಟಾರ್ ಮಾಯ. ಒಂದು ಕ್ಷಣದ ಮೇಲೆ ನೀರಿನಿಂದ ತಲೆ ಎತ್ತಿದಂತೆ ಮೇಲೆ ಬರುತ್ತದೆ, ಮತ್ತೆ ಮುಳುಗುತ್ತದೆ. ಬೇಸ್ ಗಿಟಾರಿನ ಕೆಳಸ್ವರಗಳಂತೂ ಇಲ್ಲವೇ ಇಲ್ಲ. ಹಾಡು ಯಾವುದೆಂದು ಗೊತ್ತಾಗುತ್ತದೆ, ತಂಡ ಹೇಗೆ ನುಡಿಸುತ್ತಿತ್ತು ಎಂಬುದು ಗೊತ್ತಾಗುವುದಿಲ್ಲ.

ಮಿಕ್ಸರ್‌ನ ಬಗ್ಗೆ ನನಗೆ ಬಹಳ ಆಸೆಯಿತ್ತು. ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಹೋಗಿ, ಸೌಂಡ್ ನೋಡಿಕೊಳ್ಳುತ್ತಿದ್ದವರನ್ನು, “ಅಣ್ಣ, ನನಗೊಂದು ಲೈನ್ ಕೊಡಲು ಸಾಧ್ಯವೇ?” ಎಂದು ಕೇಳಿದೆ. “ಕೊಡುತ್ತೇನೆ, ಆದರೆ ಕೇಳಿದ ಮೇಲೆ ನನ್ನನ್ನು ಬೈಯಬೇಡಿ” ಎಂದರು. ಮನೆಗೆ ಬಂದು ಕೇಳಿದಾಗ ಅವರ ಮಾತು ಅರ್ಥವಾಯಿತು. ಗಾಯಕಿಯ ದನಿ ಕಿವಿಯ ಪಕ್ಕದಲ್ಲೇ ನಿಂತು ಹಾಡಿದಂತೆ ಇತ್ತು, ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಡ್ರಮ್ ಮಾತ್ರ ಪಕ್ಕದ ಮನೆಯಲ್ಲಿ ಬಾರಿಸಿದಂತೆ. ಕಾರಣ ಸರಳ: ಅಷ್ಟು ಸಣ್ಣ ಕೋಣೆಯಲ್ಲಿ ಡ್ರಮ್‌ಗೆ ಮೈಕೇ ಬೇಕಿಲ್ಲ, ಗಿಟಾರಿಗೆ ಅದರ ಆಂಪ್ಲಿಫೈಯರ್ ಸಾಕು. ಕೋಣೆಗೆ ತಾನಾಗಿ ಸಾಲದ ಸದ್ದು ಮಾತ್ರ ಮಿಕ್ಸರ್‌ಗೆ ಬರುತ್ತದೆ. ದೊಡ್ಡ ಮೈದಾನದಲ್ಲಿ ಎಲ್ಲಕ್ಕೂ ಮೈಕ್ ಇರುವುದರಿಂದ ಮಿಕ್ಸರ್ ಲೈನ್ ಚೆನ್ನಾಗಿರುತ್ತದೆ. ಆದರೆ ಯಾರೂ ಗಮನಿಸದ ತಂಡಗಳಿಗೆ ದೊಡ್ಡ ಮೈದಾನ ಎಲ್ಲಿ ಸಿಗುತ್ತದೆ? ಇನ್ನೊಂದು ಕೊರತೆ, ಚಪ್ಪಾಳೆ ಕೇಳುವುದಿಲ್ಲ. ಹಾಡು ಮುಗಿದ ಮೇಲಿನ ಆ ಮೌನ ಕೇಳಿದರೆ ಅವರು ಖಾಲಿ ಕೋಣೆಗೆ ಹಾಡಿದರೇನೋ ಅನಿಸಿ ಹೊಟ್ಟೆ ಸಂಕಟವಾಗುತ್ತದೆ.

ಇನ್ನು ರೆಕಾರ್ಡರ್. ಝೂಮ್, ಟ್ಯಾಸ್ಕ್ಯಾಮ್ ಕಂಪನಿಗಳ ಸಣ್ಣ ಯಂತ್ರಗಳು ಬಹಳ ವರ್ಷಗಳಿಂದ ಸಿಗುತ್ತಿವೆ. ನನ್ನದು ಎರಡು ಮೈಕ್ ಕತ್ತರಿಯಂತೆ ಅಡ್ಡ ಕೂತಿರುವ, ಒಂದೇ ಪೆನ್ಸಿಲ್ ಸೆಲ್‌ನಲ್ಲಿ ಇಡೀ ಸಂಜೆ ನಡೆಯುವ ಹಳೆಯ ಮಾದರಿ. ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಜನರ ತಲೆಗಿಂತ ಎರಡು ಅಡಿ ಮೇಲೆ, ಮಿಕ್ಸರ್ ಮೇಜಿನ ಪಕ್ಕದಲ್ಲೇ ನಿಲ್ಲಿಸಿದೆ. ಸೌಂಡ್ ನೋಡುವವರು ತಮ್ಮ ಕಿವಿಗೆ ಸರಿಯಾಗುವಂತೆ ಎಲ್ಲವನ್ನೂ ಹೊಂದಿಸುವುದರಿಂದ ಕೋಣೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಸದ್ದಿನ ಮಟ್ಟವನ್ನು ಯಂತ್ರವೇ ಏರಿಸಿ ಇಳಿಸುವ ಸ್ವಯಂಚಾಲಿತ ವ್ಯವಸ್ಥೆಯನ್ನು ಆಫ್ ಮಾಡಬೇಕು. ಅತಿ ಜೋರಾದ ಹೊಡೆತವೂ ಸೊನ್ನೆಯೇ ಮಿತಿಯಾದ ಮೀಟರಿನಲ್ಲಿ ಮೈನಸ್ 12 ಡೆಸಿಬಲ್‌ನ ಆಸುಪಾಸು ನಿಲ್ಲುವಂತೆ ಇಡಬೇಕು. ಕಡಿಮೆ ಮಟ್ಟದಲ್ಲಿ ಮುದ್ರಿಸಿದ್ದನ್ನು ಮನೆಯಲ್ಲಿ ಏರಿಸಿಕೊಳ್ಳಬಹುದು, ಮಟ್ಟ ಮೀರಿ ಸಿಗಿದುಹೋದ ಧ್ವನಿಯನ್ನು ಸರಿಯಾಗಿ ಹೊಲಿಯುವ ಸೂಜಿ ಇಲ್ಲ. 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಮುದ್ರಿಸಿದರೆ ಗಂಟೆಗೆ ಸುಮಾರು ಒಂದು ಗಿಗಾಬೈಟ್ ಹಿಡಿಯುತ್ತದೆ, ಇಂದಿನ ಕಾರ್ಡುಗಳಿಗೆ ಅದು ಭಾರವೇ ಅಲ್ಲ.

ಈ ಪ್ರತಿಯಲ್ಲಿ ನನ್ನ ಎಡಗಡೆ ನಿಂತಿದ್ದ ಇಬ್ಬರು ಗೆಳೆಯರು ನಾಲ್ಕನೆಯ ಹಾಡಿನುದ್ದಕ್ಕೂ ಮನೆ ಬಾಡಿಗೆಯ ವಿಚಾರ ಮಾತನಾಡಿದ್ದಾರೆ. ಲೋಟಗಳ ಸದ್ದಿದೆ. ಆದರೂ ಮೂರರಲ್ಲಿ ಇದೇ ನನ್ನ ಆಯ್ಕೆ, ಅನುಮಾನವೇ ಇಲ್ಲ. ಡ್ರಮ್ ಎದೆಗೆ ತಾಗುತ್ತದೆ, ಕೋಣೆಯ ಗಾತ್ರ ಕಿವಿಗೆ ಗೊತ್ತಾಗುತ್ತದೆ, ಕೊನೆಯ ಹಾಡಿಗೆ ಜನ ದನಿಗೂಡಿಸಿದ್ದು ಸ್ಪಷ್ಟವಾಗಿ ಕೇಳುತ್ತದೆ. ಯಾವ ಪತ್ರಿಕೆಯೂ ಬರೆಯದ ತಂಡದ ಹಾಡು ಮೂವತ್ತು ಜನಕ್ಕೆ ಬಾಯಿಪಾಠವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಇಲ್ಲ.

ಮಿಕ್ಸರ್ ಪ್ರತಿ ಮತ್ತು ರೆಕಾರ್ಡರ್ ಪ್ರತಿಯನ್ನು ಕೂಡಿಸುವುದೂ ಉಂಟು, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಉಚಿತವಾಗಿ ಸಿಗುವ, ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ಮಾಡಿದೆ. ವೇದಿಕೆಯಿಂದ ಹನ್ನೆರಡು ಮೀಟರ್ ದೂರವಿದ್ದ ರೆಕಾರ್ಡರ್‌ಗೆ ಧ್ವನಿ ತಲುಪಲು ಸುಮಾರು 35 ಮಿಲಿಸೆಕೆಂಡ್ ಬೇಕು, ಮಿಕ್ಸರ್ ಲೈನಿಗೆ ಆ ತಡವಿಲ್ಲ. ಅಷ್ಟನ್ನು ಸರಿಸಿ ಕೂಡಿಸಿದರೆ ಮೊದಲ ಹಾಡು ಸೊಗಸಾಗಿತ್ತು. ಆದರೆ ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಗಂಟೆ ಕಳೆಯುವಷ್ಟರಲ್ಲಿ ಒಂದೊಂದು ಪದವೂ ಎರಡು ಸಲ ಕೇಳತೊಡಗಿತು. ಕೊನೆಗೆ ಒಂದೊಂದು ಹಾಡನ್ನೂ ಬಿಡಿಯಾಗಿ ಹೊಂದಿಸಿದೆ, ಎರಡು ಭಾನುವಾರ ಹಿಡಿಯಿತು. ತುಂಬಾ ಇಷ್ಟವಾದ ಕಾರ್ಯಕ್ರಮಕ್ಕೆ ಮಾತ್ರ ಈ ಶ್ರಮ ಪಡಿ. ಕೂಡಿಸಿದರೂ ಎರಡು ಮೂಲ ಪ್ರತಿಗಳನ್ನು ಅಳಿಸಬೇಡಿ.

ಹಳೆಯ ಸಂಗ್ರಹದಲ್ಲಿ ಕ್ಯಾಸೆಟ್ ಮತ್ತು ಸಿಡಿಗಿಂತ ಚಿಕ್ಕದಾದ ಮಿನಿಡಿಸ್ಕ್ ಎರಡೂ ನನ್ನ ಕೈಗೆ ಬಂದಿವೆ. ಸೋನಿ 1992ರಲ್ಲಿ ತಂದ ಮಿನಿಡಿಸ್ಕ್ ಕೇಳಲು ಶುಚಿ, ಆದರೆ ಅದರಲ್ಲಿರುವುದು ಸಿಡಿಯ ಐದನೇ ಒಂದು ಪಾಲಿಗೆ ಹಿಂಡಿದ ಧ್ವನಿ. ಹೊರತೆಗೆಯುವುದೂ ಸುಲಭವಲ್ಲ: ಹಳೆಯ ಡಿಸ್ಕಿನ ಧ್ವನಿಯನ್ನು ನೇರವಾಗಿ ಕಂಪ್ಯೂಟರಿಗೆ ಇಳಿಸಲು ಕೊಟ್ಟದ್ದು 2006ರ ಒಂದು ಮಾದರಿ. ಉಳಿದವುಗಳಲ್ಲಿ ಸಾಮಾನ್ಯವಾಗಿ ಹೆಡ್‌ಫೋನ್ ತೂತಿನಿಂದ, ಹಾಡು ಎಷ್ಟು ಉದ್ದವೋ ಅಷ್ಟೇ ಹೊತ್ತು ಕಾದು ತೆಗೆಯಬೇಕು. ಸೋನಿ ಪ್ಲೇಯರ್‌ಗಳ ತಯಾರಿಕೆಯನ್ನು 2013ರಲ್ಲಿ ನಿಲ್ಲಿಸಿತು, ಕೆಟ್ಟರೆ ರಿಪೇರಿ ಮಾಡುವವರು ಸಿಗುವುದು ಕಷ್ಟ.

ಕ್ಯಾಸೆಟ್ ಒರಟು, ಆದರೆ ಕೈಗೆ ಬಗ್ಗುತ್ತದೆ. ಆ ಅರ್ಧ ಹಾಡು ಬಂದದ್ದು ಡ್ರಮ್ಮರ್‌ನ ತಾಯಿಯ ಮನೆಯ ಟ್ರಂಕಿನಲ್ಲಿದ್ದ ಒಂದು ತೊಂಬತ್ತು ನಿಮಿಷದ ಕ್ಯಾಸೆಟ್ಟಿನಿಂದ. ರೀಲಿನ ಅಂಚಿಗೆ ಬೂಷ್ಟು ಹಿಡಿದಿತ್ತು, ಟೇಪನ್ನು, ಅದನ್ನು ಓದುವ ಹೆಡ್‌ಗೆ ಒತ್ತುವ ಸ್ಪಂಜಿನ ಚೂರು ಉದುರಿಹೋಗಿತ್ತು. ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಡಬ್ಬಿ ಬಿಚ್ಚಿ, ಟೇಪಿನ ಎರಡೂ ಸುರುಳಿಗಳನ್ನು ಅದಕ್ಕೆ ವರ್ಗಾಯಿಸಿದೆ. ಕೈಗೆ ತೆಳು ಬಟ್ಟೆಯ ಕೈಗವಸು, ಮೇಜಿನ ಮೇಲೆ ಬಿಳಿ ಪಂಚೆ, ಫ್ಯಾನ್ ಆಫ್. ನುಡಿಸಿದಾಗ ಧ್ವನಿ ಕಂಬಳಿ ಹೊದ್ದಂತಿತ್ತು. ಟೇಪ್ ಡೆಕ್‌ನ ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದೆ. ಒಂದು ಕಡೆ ತಾಳದ ತಟ್ಟೆಯ ಝಲ್ ಎಂಬ ಸದ್ದು ಪರದೆ ಸರಿದಂತೆ ತೆರೆದುಕೊಂಡಿತು. ಬರೆದ ಯಂತ್ರದ ಹೆಡ್‌ ಎಷ್ಟು ವಾಲಿತ್ತೋ ಓದುವ ಹೆಡ್‌ ಅಷ್ಟೇ ವಾಲಬೇಕು. ಇದನ್ನು ತಿಳಿಯದೆ ಎಷ್ಟೋ ಜನ ಕ್ಯಾಸೆಟ್ಟೇ ಹಾಳಾಗಿದೆ ಎಂದು ಎಸೆದುಬಿಡುತ್ತಾರೆ. ಎರಡು ನಿಮಿಷ ನಲವತ್ತು ಸೆಕೆಂಡಿಗೆ ಟೇಪ್ ಮುಗಿಯಿತು, ಹಾಡು ಮುಗಿದಿರಲಿಲ್ಲ.

ಕಡತದ ಬಗೆಯ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ. ಇಡಲು ಫ್ಲ್ಯಾಕ್, ಕೇಳಲು ಎಂಪಿ3. ಫ್ಲ್ಯಾಕ್ ಏನನ್ನೂ ಕಳೆಯದೆ ಗಾತ್ರವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುತ್ತದೆ, ಮೂಲ ಧ್ವನಿಯ ಬೆರಳಚ್ಚಿನಂಥ ಸಂಖ್ಯೆಯನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ ಹತ್ತು ಕೈ ದಾಟಿದರೂ ಧ್ವನಿ ಕೆಟ್ಟಿದೆಯೇ ಇಲ್ಲವೇ ಎಂದು ಪರೀಕ್ಷಿಸಬಹುದು. ಎಂಪಿ3ಯನ್ನು ತಿದ್ದಿ ಮತ್ತೆ ಎಂಪಿ3 ಮಾಡಿದಷ್ಟೂ ಸಲ ಧ್ವನಿ ಸವೆಯುತ್ತದೆ.

ಹಂಚುವುದರಲ್ಲಿ ನಾನು ತಪ್ಪು ಮಾಡಿಯೇ ಕಲಿತದ್ದು. ಮೊದಮೊದಲು ಒಂದು ಉಚಿತ ಕಡತ ಹಂಚಿಕೆಯ ತಾಣದಲ್ಲಿ ಹಾಕಿ, ಕೇಳಿದವರಿಗೆಲ್ಲ ಕೊಂಡಿ ಕಳಿಸುತ್ತಿದ್ದೆ. ಆ ತಾಣ ಮುಚ್ಚಿದ ದಿನ ಹದಿನಾಲ್ಕು ಕಾರ್ಯಕ್ರಮಗಳ ಕೊಂಡಿಗಳು ಒಟ್ಟಿಗೇ ಸತ್ತವು. ಎರಡರ ಮೂಲ ಪ್ರತಿ ನನ್ನಲ್ಲಿರಲಿಲ್ಲ. ದೊಡ್ಡವರ ಹತ್ತಿರ ಭದ್ರ ಎನ್ನುವಂತೆಯೂ ಇಲ್ಲ: 2003ರಿಂದ 2015ರವರೆಗೆ ಜನ ಏರಿಸಿದ್ದ ಸಂಗೀತವೆಲ್ಲ ಕಳೆದುಹೋಗಿದೆ ಎಂದು ಸಾಮಾಜಿಕ ಜಾಲತಾಣ ಮೈಸ್ಪೇಸ್ 2019ರಲ್ಲಿ ತಿಳಿಸಿತು. ಐದು ಕೋಟಿಗೂ ಹೆಚ್ಚು ಹಾಡುಗಳು ಎಂಬ ಅಂದಾಜು. ಅದರಲ್ಲಿ ಸುಮಾರು 4.9 ಲಕ್ಷ ಹಾಡುಗಳನ್ನು ಯಾರೋ ಮೊದಲೇ ಇಳಿಸಿಕೊಂಡಿದ್ದರಿಂದ ಅವು ಇಂಟರ್ನೆಟ್ ಆರ್ಕೈವ್ ಎಂಬ ಲಾಭರಹಿತ ಡಿಜಿಟಲ್ ಗ್ರಂಥಾಲಯದಲ್ಲಿ ಮರಳಿ ಕೇಳಸಿಕ್ಕವು.

ಯೂಟ್ಯೂಬ್‌ನಲ್ಲಿ ಜನ ಸಿಗುತ್ತಾರೆ, ಅದರಷ್ಟು ದೂರ ಇನ್ಯಾವುದೂ ತಲುಪುವುದಿಲ್ಲ. ಒಂದು ಹಾಡು ಹಾಕಿದ ಮೇಲೆ, ಆ ರಾತ್ರಿ ಕೀಬೋರ್ಡ್ ನುಡಿಸಿದ್ದು ಯಾರೆಂದು ಒಬ್ಬರು ಬರೆದು ತಿಳಿಸಿದರು. ಆ ಒಂದು ಸಾಲು ನನಗೆ ಹಬ್ಬ. ಆದರೆ ಅಲ್ಲಿ ಕೇಳುವುದು ಹಿಂಡಿದ ಧ್ವನಿ, ಮೂಲ ಪ್ರತಿ ಇನ್ನೊಬ್ಬರ ಕೈಗೆ ದಾಟುವುದಿಲ್ಲ. ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದಕ್ಕೆ ನೇರವಾಗಿ ಕಡತ ಕಳಿಸುವ ಟೊರೆಂಟ್ ಮೂಲ ಪ್ರತಿಯನ್ನೇ ದಾಟಿಸುತ್ತದೆ, ಆದರೆ ಕಂಪ್ಯೂಟರ್ ತೆರೆದಿಟ್ಟು ಹಂಚುವವರು ಬೇಕು. ಹೆಸರಾದ ತಂಡಕ್ಕೆ ಅಂಥವರು ನೂರು ಜನ, ನಮ್ಮ ತಂಡಗಳಿಗೆ ನಾನೊಬ್ಬ. ತಂಡಗಳು ತಮ್ಮ ಹಾಡನ್ನು ತಾವೇ ಮಾರುವ ತಾಣ ಬ್ಯಾಂಡ್‌ಕ್ಯಾಂಪ್ 2008ರಿಂದ ಇದೆ. ಕೇಳುಗರಿಗೆ ಫ್ಲ್ಯಾಕ್ ಕೊಡುತ್ತದೆ, ಬಂದ ಹಣದ ದೊಡ್ಡ ಪಾಲು ತಂಡಕ್ಕೇ ಹೋಗುತ್ತದೆ. ತಂಡ ಇನ್ನೂ ಬದುಕಿದ್ದರೆ ನಾನು ಅವರಿಗೆ ಕಡತ ಒಪ್ಪಿಸಿ, “ನೀವೇ ಅಲ್ಲಿ ಹಾಕಿ” ಎನ್ನುತ್ತೇನೆ. ಚದುರಿಹೋದ ತಂಡದ ಪರವಾಗಿ ಖಾತೆ ನಡೆಸುವವರು ಯಾರು? ಅದೂ ಅಲ್ಲದೆ, ಆ ಕಂಪನಿಯ ಒಡೆತನ 2022ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಬದಲಾಗಿದೆ.

ನನ್ನ ಮತ ಇಂಟರ್ನೆಟ್ ಆರ್ಕೈವ್‌ಗೆ. ನೇರ ಕಾರ್ಯಕ್ರಮಗಳ ರೆಕಾರ್ಡಿಂಗ್ ಹಂಚಿಕೊಳ್ಳುವ ಅಭಿಮಾನಿಗಳ ಈಟ್ರೀ ಬಳಗದ ಜೊತೆಗೂಡಿ 2002ರಲ್ಲಿ ಅದು ನೇರ ಸಂಗೀತ ವಿಭಾಗವನ್ನು ತೆರೆಯಿತು, ಒಪ್ಪಿಗೆ ಕೊಟ್ಟ ತಂಡಗಳಿಗೆ ಮಾತ್ರ ಅಲ್ಲಿ ಜಾಗ. ಫ್ಲ್ಯಾಕ್ ಏರಿಸಿದರೆ ಕೇಳಲು ಎಂಪಿ3ಯನ್ನು ತಾನೇ ಮಾಡಿಕೊಡುತ್ತದೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅದು ಕೇಳುವ ವಿವರಗಳು: ಯಾವ ದಿನ, ಯಾವ ಜಾಗ, ಯಾವ ಮೈಕ್, ಯಾವ ಯಂತ್ರದಿಂದ ಯಾವ ಯಂತ್ರಕ್ಕೆ. ತುಂಬಲು ಅರ್ಧ ಗಂಟೆ ಹಿಡಿಯುತ್ತದೆ. ಆದರೆ ಆ ವಿವರವಿಲ್ಲದ ರೆಕಾರ್ಡಿಂಗ್ ವಿಳಾಸವಿಲ್ಲದ ಕಾಗದ. ಶಿಕಾಗೋದ ಆಡಮ್ ಜೇಕಬ್ಸ್ 1980ರ ದಶಕದಿಂದ ಕ್ಲಬ್ಬುಗಳಿಗೆ ಯಂತ್ರ ಹೊತ್ತುಕೊಂಡು ಹೋಗಿ ಹತ್ತು ಸಾವಿರಕ್ಕೂ ಹೆಚ್ಚು ಕಾರ್ಯಕ್ರಮಗಳನ್ನು ಹಿಡಿದಿಟ್ಟಿದ್ದಾರೆ. ಸ್ವಯಂಸೇವಕರು ಆ ಟೇಪುಗಳನ್ನು ಒಂದೊಂದಾಗಿ ಇಲ್ಲಿಗೇ ಏರಿಸುತ್ತಿದ್ದಾರೆ. ಹೆಸರಾಗುವ ಮೊದಲಿನ ನಿರ್ವಾಣ ತಂಡ ಅದರಲ್ಲಿದೆ, ಅದರ ಜೊತೆಗೆ ಎಂದೂ ಹೆಸರಾಗದ ನೂರಾರು ತಂಡಗಳಿವೆ. ನನಗೆ ಎರಡನೆಯದೇ ಹೆಚ್ಚು ಬೆಲೆಯದು.

ಆದರೂ ಅದೊಂದನ್ನೇ ನಂಬಿ ಕೂರುವುದಿಲ್ಲ. ಸಿನಿಮಾ ಹಕ್ಕಿನ ಪ್ರಕರಣವೊಂದರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದಾಗಿ 2017ರ ಆಗಸ್ಟ್‌ನಲ್ಲಿ ಅದು ಭಾರತದಲ್ಲಿ ಕೆಲಕಾಲ ತೆರೆಯಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾಗಿ ಹಲವು ದಿನ ನಿಂತಿತ್ತು. ಆದ್ದರಿಂದ ಮನೆಯಲ್ಲೊಂದು ಹಾರ್ಡ್ ಡಿಸ್ಕ್, ಮೈಸೂರಿನಲ್ಲಿ ಅಕ್ಕನ ಮನೆಯ ಬೀರುವಿನಲ್ಲಿ ಇನ್ನೊಂದು. ವರ್ಷಕ್ಕೆರಡು ಸಲ, ಯುಗಾದಿಗೂ ದೀಪಾವಳಿಗೂ ಹೋದಾಗ ಅದಕ್ಕೆ ಹೊಸದನ್ನು ತುಂಬಿ ಬರುತ್ತೇನೆ.

ಒಪ್ಪಿಗೆಯ ವಿಚಾರದಲ್ಲಿ ನಾನು ರಾಜಿಯಾಗುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮಿನಂತೆ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ. ಸ್ವಂತ ಬಳಕೆಗೆ ಮುದ್ರಿಸಿಕೊಳ್ಳಲು 39ನೇ ಕಲಂ ಅವಕಾಶ ಕೊಡುತ್ತದೆ, ಹಂಚಲು ಕೇಳಲೇಬೇಕು. ಹಣಕ್ಕೆ ಮಾರುವ ಮಾತಂತೂ ಇಲ್ಲವೇ ಇಲ್ಲ. ಮೊದಲು ಹೇಳಿದ ಹನ್ನೆರಡು ಹಾಡಿನ ತಂಡದ ನಾಲ್ವರಿಗೂ ಪತ್ರ ಬರೆದೆ. ಮೂವರು ಒಂದೇ ವಾರದಲ್ಲಿ ಸಂತೋಷದಿಂದ ಒಪ್ಪಿದರು. ಗಾಯಕಿಯ ಉತ್ತರ ಎರಡು ತಿಂಗಳ ಮೇಲೆ ಬಂತು: ಎಂಟು ಹಾಡು ಹಾಕಿ, ಅರ್ಧ ಹಾಡನ್ನೂ ಹಾಕಿ, ಆದರೆ ಮೊಬೈಲಿನಲ್ಲಿ ಹಿಡಿದ ಎರಡರಲ್ಲಿ ಒಂದರಲ್ಲಿ ನನ್ನ ದನಿ ಕಟ್ಟಿತ್ತು, ಅದಕ್ಕೆ ಬೇರೆ ಪ್ರತಿ ಸಿಗುವವರೆಗೆ ಕಾಯುತ್ತೀರಾ ಎಂದು. ಎಂಟರಲ್ಲಿ ಆ ಒಂದನ್ನು ಬಿಟ್ಟು ಏಳನ್ನೂ ಅರ್ಧವನ್ನೂ ಏರಿಸಿದ್ದೇನೆ. ಆ ಹಾಡು ಎರಡೂ ಡಿಸ್ಕುಗಳಲ್ಲಿದೆ. ಆ ವರ್ಷಗಳಲ್ಲಿ ಅದೇ ವೇದಿಕೆಗಳಲ್ಲಿ ನುಡಿಸುತ್ತಿದ್ದ ಉಳಿದ ತಂಡಗಳವರನ್ನು ಒಬ್ಬೊಬ್ಬರಾಗಿ ಕೇಳುತ್ತಿದ್ದೇನೆ, ಯಾರದಾದರೂ ಮನೆಯ ಟ್ರಂಕಿನಲ್ಲಿ ಇನ್ನೊಂದು ಕ್ಯಾಸೆಟ್ ಇದೆಯೇ ಎಂದು.