ಪತ್ರ ತಡವಾಗಿ ಬರಲಿ, ಭಾಷೆ ಮಾತ್ರ ನಾನು ಹೇಳಿದ್ದೇ ಇರಲಿ: ಪತ್ರಮಿತ್ರರ ಆ್ಯಪ್ ಬಳಸಿದ ಅನುಭವ

ಈ ಆ್ಯಪ್‌ನಲ್ಲಿ ಬರೆದ ಪತ್ರ ಕೂಡಲೇ ತಲುಪುವುದಿಲ್ಲ. ಇಬ್ಬರ ನಡುವೆ ಎಷ್ಟು ದೂರವೋ ಅಷ್ಟು ತಡ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲದಿಂದ ಇಟಲಿಯ ಉತ್ತರ ತುದಿಗೆ ಒಂದು ದಿನಕ್ಕಿಂತ ಹೆಚ್ಚೇ ಬೇಕು. ಸ್ಟ್ಯಾಂಪ್, ಅವತಾರ, ಆಸಕ್ತಿಗಳ ಪಟ್ಟಿ ಇವನ್ನೆಲ್ಲ ನೀವು ಪ್ಲೇ ಸ್ಟೋರ್‌ನಲ್ಲೇ ನೋಡಿರುತ್ತೀರಿ, ಹಾಗಾಗಿ ಬಿಡುತ್ತೇನೆ. ಬಹಳ ಜನ ದೂರುವುದು ಈ ತಡವನ್ನೇ. ನಾನು ಇಷ್ಟು ವರ್ಷ ಉಳಿದದ್ದು ಅದರಿಂದಾಗಿಯೇ.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ಹವ್ಯಕ ಭಾಷೆ, ತೋಟದ ಕೆಲಸದವರ ಹತ್ತಿರ ತುಳು, ವಿಲೇಜ್ ಆಫೀಸಿನಲ್ಲಿ ಮಲಯಾಳ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬರೆಯಲು ಹೊತ್ತು ಬೇಕು. ಮೊದಲು ಒಂದೆರಡು ಚಾಟ್ ಆ್ಯಪ್ ಹಾಕಿ ನೋಡಿದ್ದೆ. ಆಚೆ ಕಡೆಯವರು ಟೈಪ್ ಮಾಡುತ್ತಿದ್ದಾರೆ ಎಂದು ಮೂರು ಚುಕ್ಕಿ ಕುಣಿಯತೊಡಗಿದರೆ ನನಗೆ ಇದ್ದ ಇಂಗ್ಲಿಷೂ ಮರೆತುಹೋಗುತ್ತಿತ್ತು. ಹಲೋ, ಊಟ ಆಯಿತೇ, ಯಾವ ಊರು, ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಿಲ್ಲ. ಇವತ್ತು ಪತ್ರ ಬಂದರೆ ನಾಳೆ ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುವಾಗ ಅದನ್ನೇ ಯೋಚಿಸಬಹುದು. ಉತ್ತರ ನಾಡಿದ್ದು ಬರೆದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ರಾತ್ರಿ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಜಗಲಿಯ ತೆಂಕು ಮೂಲೆಯಲ್ಲಿ ಕೂರುತ್ತೇನೆ. ನಮ್ಮ ಮನೆಗೆ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಮಕ್ಕಳ ಹಳೆ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಮೊದಲು ಕನ್ನಡದಲ್ಲಿ ಬರೆಯುವುದು. ಮರುದಿನ ಅದನ್ನು ಓದಿ ಬೇಡದ್ದನ್ನು ಹೊಡೆದುಹಾಕಿ ಇಂಗ್ಲಿಷಿಗೆ ತರುವುದು. ಸಿಕ್ಕಿಹಾಕಿಕೊಂಡಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ನೋಡುತ್ತೇನೆ. ಅದಕ್ಕೆ ಕನ್ನಡ ಬಂದದ್ದು 2011ರಲ್ಲಿ, ತುಳು ಬಂದದ್ದು 2024ರಲ್ಲಿ. ತುಳು ಬಂದ ಸುದ್ದಿ ತಿಳಿದ ದಿನ ನಮ್ಮಲ್ಲಿ ಕೆಲಸದವರೂ ಸೇರಿ ಎಲ್ಲರೂ ಒಂದೊಂದು ಮಾತು ಹಾಕಿ ಪರೀಕ್ಷೆ ಮಾಡಿದ್ದೇ ಮಾಡಿದ್ದು. ಪತ್ರ ಕಳಿಸಿದ ಮೇಲೆ ಅದು ದಾರಿಯಲ್ಲಿದೆ ಎಂದು ಆ್ಯಪ್ ತೋರಿಸುತ್ತದಲ್ಲ, ಅದನ್ನು ಮಲಗುವ ಮೊದಲು ಒಮ್ಮೆ ನೋಡುವುದು. ಉತ್ತರ ಬಂದರೆ ಮೊದಲ ಸಲ ಒಬ್ಬಳೇ ಓದುತ್ತೇನೆ, ಎರಡನೇ ಸಲ ಅತ್ತೆಗೆ ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಅತ್ತೆಯದು ಪ್ರತಿ ಸಲ ಒಂದೇ ಪ್ರಶ್ನೆ: "ಅಲ್ಲಿ ದನ ಇದ್ದೋ?"

ಇದೆ. ಸೇಬಿನ ತೋಟವೂ ಇದೆ. ನನ್ನ ಗೆಳತಿಯ ಊರು ಆಲ್ಪ್ಸ್ ಬೆಟ್ಟಗಳ ನಡುವಿನ ವಿನ್ಶ್‌ಗೌ ಕಣಿವೆ, ದಕ್ಷಿಣ ಟಿರೋಲ್ ಪ್ರಾಂತ್ಯದ್ದು. ಇಟಲಿಯ ಸೇಬಿನಲ್ಲಿ ಸುಮಾರು ಅರ್ಧ ಆ ಪ್ರಾಂತ್ಯದಲ್ಲೇ ಬೆಳೆಯುತ್ತದೆ. ಆ್ಯಪ್ ನಮ್ಮಿಬ್ಬರನ್ನು ಜೋಡಿಸಿದ್ದು ಇಬ್ಬರೂ ‘ಕೃಷಿ’ ಎಂದು ಗುರುತು ಹಾಕಿದ್ದಕ್ಕೆ. ಮೊದಲ ಕೆಲವು ಪತ್ರಗಳು ಸಪ್ಪೆ. ಅವಳು ಯೋಗದ ಬಗ್ಗೆ ಕೇಳಿದಳು, ನಾನು ಹಿಮದ ಬಗ್ಗೆ ಕೇಳಿದೆ. ಮಾತು ಕೂಡಿ ಬಂದದ್ದು ನೀರಿನ ವಿಷಯಕ್ಕೆ.

ಬೇಸಿಗೆಯಲ್ಲಿ ನಮಗೆ ನೀರು ಕೊಡುವುದು ಗುಡ್ಡದೊಳಗಿನ ಸುರಂಗ ಎಂದು ಬರೆದಿದ್ದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲಕ್ಕೆ ಕೊರೆಯುತ್ತಾ ಹೋಗುವುದು. ಒಳಗೆ ಗಾಳಿ ಇದೆಯೋ ಎಂದು ದೀಪ ಹಿಡಿದು ನೋಡುವುದು. ಒರತೆ ಸಿಕ್ಕಿದರೆ ಪಂಪು, ಕರೆಂಟು ಯಾವುದೂ ಬೇಡ, ನೀರು ತಾನಾಗಿ ಹರಿದು ಬಂದು ಹೊರಗಿನ ಕೆರೆಗೆ ಬೀಳುತ್ತದೆ. ಬಾಯಾರು, ಪಡ್ರೆಯ ಕಡೆ ಬಂದರೆ ಇಂಥವು ಈಗಲೂ ಎಷ್ಟೋ ನೋಡಸಿಗುತ್ತವೆ. ಇದಕ್ಕೆ ಅವಳು ಬರೆದ ಉತ್ತರ ನನ್ನ ಹತ್ತಿರ ಇರುವ ಪತ್ರಗಳಲ್ಲೇ ಉದ್ದದ್ದು. ಅವರ ಕಣಿವೆಯಲ್ಲಿ ಮಳೆ ಕಡಿಮೆ. ಬೆಟ್ಟದ ತೊರೆಯಿಂದ ತೋಟದವರೆಗೆ ಇಳಿಜಾರಿನ ಉದ್ದಕ್ಕೂ ತೋಡಿದ ಹಳೆಯ ಕಾಲುವೆಗಳಿವೆ, ವಾಲ್ ಎನ್ನುತ್ತಾರಂತೆ. ನೀರು ಸರದಿಯ ಮೇಲೆ. ಕಾಯಲು ಒಬ್ಬ ಆಳು. ಕಾಲುವೆಗೆ ಸಣ್ಣದೊಂದು ನೀರಿನ ಚಕ್ರ ಇಟ್ಟು ಅದಕ್ಕೆ ಸುತ್ತಿಗೆ, ಗಂಟೆ ಕಟ್ಟುತ್ತಿದ್ದರು. ನೀರು ಹರಿಯುವವರೆಗೆ ಗಂಟೆ ಬಡಿಯುತ್ತಿರುತ್ತದೆ. ಬಡಿತ ನಿಂತರೆ ಎಲ್ಲೋ ಕಾಲುವೆ ಒಡೆದಿದೆ ಅಥವಾ ಕಸ ಕಟ್ಟಿದೆ ಎಂದು ಕಾವಲಿನವನಿಗೆ ಮನೆಯಲ್ಲಿದ್ದೇ ಗೊತ್ತಾಗುತ್ತಿತ್ತು. ಇದನ್ನು ನಮ್ಮವರಿಗೆ ಓದಿ ಹೇಳಿದಾಗ, ನಮ್ಮ ಪೈಪಿಗೂ ಹಾಗೊಂದು ಮಾಡಬಹುದಲ್ಲ ಎಂದು ಅವರು ಅರ್ಧ ರಾತ್ರಿಯವರೆಗೆ ಲೆಕ್ಕ ಹಾಕಿದರು.

ಆಮೇಲೆ ಬರೆಯಲು ವಿಷಯಕ್ಕೆ ಬರವೇ ಆಗಲಿಲ್ಲ. ಏಪ್ರಿಲ್‌ನಲ್ಲಿ ಸೇಬಿನ ಹೂ ಅರಳಿದ ಹೊತ್ತಿಗೆ ರಾತ್ರಿ ಚಳಿ ಸೊನ್ನೆಗಿಂತ ಕೆಳಗಿಳಿದರೆ ಅವರು ಎದ್ದು ಹೋಗಿ ತೋಟಕ್ಕೆಲ್ಲ ತುಂತುರು ನೀರು ಬಿಡುತ್ತಾರೆ. ನೀರು ಹೂವಿನ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಕಟ್ಟುವಾಗ ಬಿಡುವ ಶಾಖವೇ ಹೂವನ್ನು ಉಳಿಸುತ್ತದೆ. ನಾನು ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವುದನ್ನು ಬರೆದೆ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ಸರಿಯಿದೆಯೇ ನೋಡಲು ಕಬ್ಬಿಣದ ಕತ್ತಿ ಅದ್ದುವುದು. ಕತ್ತಿಯ ಮೇಲೆ ಕೆಂಪಗೆ ತಾಮ್ರ ಹಿಡಿದರೆ ಇನ್ನೂ ಸುಣ್ಣ ಬೇಕು. ಅವಳ ಅಜ್ಜ ದ್ರಾಕ್ಷಿ ಬಳ್ಳಿಗೆ ಇದನ್ನೇ ಹೊಡೆಯುತ್ತಿದ್ದರಂತೆ! ಈ ಬೋರ್ಡೋ ದ್ರಾವಣ ಹುಟ್ಟಿದ್ದೇ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಅದನ್ನು ಅಡಿಕೆಗೆ ಹೊಂದಿಸಿ ತೋರಿಸಿದ್ದು 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್.

ಮದ್ದಿನ ಮಾತು ಬಂದ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಬರೆಯದೆ ಇರಲು ಆಗಲಿಲ್ಲ. ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಹುಟ್ಟಿ ಬೆಳೆದವರಿಗೆ ಅದು ಪತ್ರಿಕೆಯ ಸುದ್ದಿ ಅಲ್ಲ. ಗೇರು ಗುಡ್ಡೆಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಸುಪ್ರೀಂ ಕೋರ್ಟ್ ದೇಶದಲ್ಲೇ ತಡೆ ಹಾಕಿದ್ದು 2011ರಲ್ಲಿ. ಹಾಸಿಗೆಯಲ್ಲೇ ಬೆಳೆದ ಮಕ್ಕಳನ್ನು ಇವತ್ತಿಗೂ ಎತ್ತಿ ಮೀಯಿಸುವ ತಾಯಂದಿರು ನಮ್ಮ ನೆರೆಕರೆಯಲ್ಲೇ ಇದ್ದಾರೆ. ಆ ಪತ್ರ ಬರೆಯಲು ನನಗೆ ಬಹಳ ದಿನ ಹಿಡಿಯಿತು. ಅವಳಿಗೂ ಉತ್ತರಕ್ಕೆ ಬಹಳ ದಿನ ಹಿಡಿಯಿತು. ಅವರ ಕಣಿವೆಯ ಮೇಲ್ತುದಿಯ ಮಾಲ್ಸ್ ಎಂಬ ಊರಿನಲ್ಲಿ 2014ರಲ್ಲಿ ಕೀಟನಾಶಕ ಬೇಕೋ ಬೇಡವೋ ಎಂದು ಜನಮತ ನಡೆದಿತ್ತು. ಮತ ಹಾಕಿದವರಲ್ಲಿ ಮುಕ್ಕಾಲು ಪಾಲು ಬೇಡ ಎಂದರು. ಆದರೆ ಊರವರು ಮಾಡಿದ ನಿಯಮ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಸಿಂಪಡಿಸುವ ತೋಟದ ಮನೆಯವಳು ಅವಳು. ಅವಳ ತಮ್ಮನದು ಸಾವಯವ. ಆ ವರ್ಷಗಳಲ್ಲಿ ಮನೆಯಲ್ಲಿ ಒಂದೇ ಮೇಜಿಗೆ ಕೂತು ಉಣ್ಣುವುದೂ ಕಷ್ಟವಾಗಿತ್ತು ಎಂದು ಬರೆದಳು. ಇಂಥ ಮಾತು ಚಾಟ್‌ನಲ್ಲಿ ಬರುತ್ತದೆಯೇ? ಬರುವುದಿಲ್ಲ. ಮೂರು ಚುಕ್ಕಿ ಕುಣಿಯುವಾಗ ಯಾರೂ ಇದನ್ನು ಹೇಳಲಾರರು.

ಇಲ್ಲಿಗೇ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಒಂದು ಅಪ್‌ಡೇಟ್ ಬಂತು. ಮರುದಿನ ಗೆಳತಿಯ ಪತ್ರ ತೆರೆದರೆ ಅದು ಮಲಯಾಳದಲ್ಲಿ ಇತ್ತು. ಪೂರ್ತಿ. ಅವಳು ಬರೆದ ಇಂಗ್ಲಿಷ್ ಎಲ್ಲಿ ಎಂದು ಹುಡುಕಿದರೆ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ಮೂಲ ನೋಡಿ’ ಎಂದಿತ್ತು. ಪ್ರೊಫೈಲ್ ತೆರೆದು ನೋಡಿದೆ. ಮಾತೃಭಾಷೆ ಎಂಬಲ್ಲಿ ನಾನೇ ಹಾಕಿದ್ದ ಕನ್ನಡ ಹೋಗಿ ಮಲಯಾಳಂ ಕೂತಿದೆ. ಫೋನಿನ ಲೊಕೇಶನ್ ಕೇರಳ ಎಂದು ತೋರಿಸುತ್ತದೆ, ಕೇರಳ ಎಂದರೆ ಮಲಯಾಳ, ಇಷ್ಟೇ ಅದರ ಲೆಕ್ಕ. ತಿದ್ದಿದೆ. ಮುಂದಿನ ಅಪ್‌ಡೇಟ್‌ಗೆ ಮತ್ತೆ ಬದಲಾಯಿತು. ಮತ್ತೆ ತಿದ್ದಿದೆ.

ಮಲಯಾಳದ ಮೇಲೆ ನನಗೆ ಯಾವ ಮುನಿಸೂ ಇಲ್ಲ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ಅದನ್ನೇ ಆಡುತ್ತೇನೆ, ನನ್ನ ಆಪ್ತ ಸ್ನೇಹಿತೆ ನೀಲೇಶ್ವರದವಳು. ಆದರೆ ಸಪ್ತಭಾಷಾ ಸಂಗಮ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಜಿಲ್ಲೆಯಲ್ಲಿ ಕೂತವಳ ಭಾಷೆಯನ್ನು ಒಂದು ನಕ್ಷೆಯ ಗೆರೆ ನೋಡಿ ತೀರ್ಮಾನಿಸುವುದು ಯಾವ ನ್ಯಾಯ? ಆ ಗೆರೆ ಎಳೆದದ್ದು 1956ರ ನವೆಂಬರ್ 1ಕ್ಕೆ. ಅದಕ್ಕೆ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಮೊದಲ ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರ ಇಲ್ಲೇ ಇದೆ. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ ಹೇಳಿದ್ದು 1967ರಲ್ಲಿ, ಅದು ಹಾಗೇ ಉಳಿಯಿತು. ಗೆರೆಯ ವ್ಯಾಜ್ಯ ಒತ್ತಟ್ಟಿಗಿರಲಿ, ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಹೇಳುತ್ತದೆ. ಸರಕಾರ ಒಪ್ಪಿದ್ದನ್ನು ಒಂದು ಆ್ಯಪ್ ಒಪ್ಪುವುದಿಲ್ಲ!

ಬೆಂಬಲ ವಿಭಾಗಕ್ಕೆ ಬರೆದೆ. ನಿಮ್ಮ ಪ್ರದೇಶದ ಭಾಷೆಯಲ್ಲಿ ಉತ್ತಮ ಅನುಭವ ಕೊಡಲು ಹೀಗೆ ಮಾಡಿದ್ದೇವೆ, ಸಹಕರಿಸಿ ಎಂಬ ಅರ್ಥದ ಉತ್ತರ ಬಂತು. ಎರಡನೇ ಸಲವೂ ಅಕ್ಷರ ಬದಲಾಗದೆ ಅದೇ. ಇದರಿಂದ ಆದ ನಷ್ಟ ಸಣ್ಣದಲ್ಲ. ಮಲಯಾಳ ಕಲಿಯುವ ಆಸೆಯವರು ನನಗೆ ಬರೆಯತೊಡಗಿದರು, ಅವರಿಗೆ ಕಲಿಸುವಷ್ಟು ಮಲಯಾಳ ನನಗೆ ಬಾರದು. ಕನ್ನಡ ಬಲ್ಲವರನ್ನು ಹುಡುಕುವವರಿಗೆ ನಾನು ಸಿಗುತ್ತಲೇ ಇರಲಿಲ್ಲ.

ಬಿಟ್ಟೇ ಬಿಡುತ್ತೇನೆ ಎಂದು ಗೆಳತಿಗೆ ಬರೆದೆ. ಅವಳ ಮನೆಮಾತು ಜರ್ಮನ್. ಮೊದಲ ಮಹಾಯುದ್ಧ ಮುಗಿದು 1919ರ ಒಪ್ಪಂದದಲ್ಲಿ ಆಸ್ಟ್ರಿಯಾದಿಂದ ಇಟಲಿಗೆ ಹೋದ ನಾಡು ಅದು. ಮುಸೊಲಿನಿಯ ಕಾಲದಲ್ಲಿ ಶಾಲೆಗಳಲ್ಲಿ ಜರ್ಮನ್ ನಿಲ್ಲಿಸಿದಾಗ ಅವಳ ಅಜ್ಜಿಯ ವಯಸ್ಸಿನವರು ಮನೆಗಳಲ್ಲಿ ಗುಟ್ಟಾಗಿ ನಡೆಸಿದ ಪಾಠಗಳಿಗೆ ಹೋಗಿ ಅಕ್ಷರ ಕಲಿತರು. 1972ರ ಸ್ವಾಯತ್ತ ಶಾಸನದ ನಂತರ ಈಗ ಕಚೇರಿ, ಶಾಲೆ, ಬೋರ್ಡು ಎಲ್ಲ ಕಡೆ ಜರ್ಮನ್ ಇದೆ. ಆದರೂ ಅಪ್‌ಡೇಟ್ ಆದ ದಿನದಿಂದ ನನ್ನ ಪತ್ರಗಳು ಅವಳಿಗೆ ಇಟಾಲಿಯನ್‌ನಲ್ಲಿ ಕಾಣುತ್ತಿದ್ದವಂತೆ. ಅವಳು ಸುಮ್ಮನೆ ಕೂತಿರಲಿಲ್ಲ, ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿ ದಾರಿ ಹುಡುಕಿ ಒಂದೊಂದು ಮೆಟ್ಟಿಲೂ ಬರೆದು ಕಳಿಸಿದಳು. ಅದನ್ನು ಓದಿದ ಮೇಲೆ ಬಿಡುವ ಮನಸ್ಸಾಗಲಿಲ್ಲ.

ದಾರಿ ಹೀಗೆ: ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಈ ಆ್ಯಪ್‌ಗೆ ಕೊಟ್ಟ ಲೊಕೇಶನ್ ಅನುಮತಿ ತೆಗೆಯಿರಿ. ಆಮೇಲೆ ಆ್ಯಪ್ ಒಳಗೆ ಊರನ್ನು ಕೈಯಿಂದ ಹಾಕಿ, ಭಾಷೆಯಲ್ಲಿ ಕನ್ನಡ ಆರಿಸಿ, ತಾನಾಗಿ ಅನುವಾದ ಮಾಡುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಇದಾದ ಮೇಲೆ ನನ್ನ ಕನ್ನಡ ಅಲುಗಿಲ್ಲ. ತುಳು, ಬ್ಯಾರಿ ಮಾತ್ರ ಅವರ ಪಟ್ಟಿಯಲ್ಲಿ ಇನ್ನೂ ಇಲ್ಲ.

ಚಂದಾ ಕಟ್ಟಬೇಕೇ ಎಂದು ಕೇಳುವವರಿಗೆ: ಬೇಡ. ವರ್ಷಕ್ಕೆ ಕೇಳುವ ದುಡ್ಡು ಮೂರು ಕಿಲೋ ಹಳೆ ಅಡಿಕೆಯ ಬೆಲೆಗಿಂತ ಹೆಚ್ಚು, ಸಿಗುವುದು ಬಣ್ಣದ ಸ್ಟ್ಯಾಂಪು. ಪತ್ರಕ್ಕೆ ಉಚಿತದ್ದೇ ಸಾಕು. ಎರಡನೇ ಪತ್ರಕ್ಕೇ ಫೋಟೋ ಕೇಳುವವರು, ವಾಟ್ಸಾಪಿಗೆ ಬನ್ನಿ ಎನ್ನುವವರು, ಕಸ್ಟಮ್ಸ್‌ನಲ್ಲಿ ಉಡುಗೊರೆ ಸಿಕ್ಕಿಬಿದ್ದಿದೆ, ಹಣ ಕಟ್ಟಿ ಎನ್ನುವವರು ಇಲ್ಲಿಯೂ ಇದ್ದಾರೆ. ಅಂಥವರನ್ನು ಕೂಡಲೇ ಬ್ಲಾಕ್ ಮಾಡಿ, ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸದ್ಯಕ್ಕೆ ಮೂರು ನಕ್ಷತ್ರ. ಅಕ್ಕಲಕೋಟೆ, ಜತ್ತ, ತಾಳವಾಡಿ, ಹೊಸೂರು, ಆದೋನಿ, ಮಡಕಶಿರಾ ಕಡೆಯ ಕನ್ನಡಿಗರು ಯಾರಾದರೂ ಈ ಆ್ಯಪ್ ಬಳಸುತ್ತಿದ್ದರೆ ಇವತ್ತೇ ನಿಮ್ಮ ಪ್ರೊಫೈಲ್ ತೆರೆದು ಮಾತೃಭಾಷೆ ಏನೆಂದಿದೆ ನೋಡಿ. ಮರಾಠಿ, ತಮಿಳು, ತೆಲುಗು ಎಂದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಬೆಂಬಲ ವಿಭಾಗಕ್ಕೆ ದೂರು ಕಳಿಸಿ. ನನ್ನೊಬ್ಬಳ ದೂರಿಗೆ ಅವರು ಅಚ್ಚು ಹಾಕಿದ ಉತ್ತರ ಕೊಟ್ಟರು, ಇಷ್ಟು ಊರುಗಳಿಂದ ಹೋದರೆ ಓದಲೇಬೇಕಾಗುತ್ತದೆ. ನನ್ನ ಮೂರನೇ ದೂರನ್ನು ಈ ಸಲ ಕನ್ನಡದಲ್ಲೇ ಬರೆದು ಕಳಿಸಿದ್ದೇನೆ.