ಅಪಾಚೆ ಕ್ಯಾಮೆಲ್‌ನ ಎಂಡ್‌ಪಾಯಿಂಟ್ ಡಿಎಸ್‌ಎಲ್: ಬಳಸಿ ನೋಡಿದ್ದು

ಕಲಬುರಗಿ ಗಂಜ್‌ನ ಒಂದು ದಾಲ್ ಮಿಲ್‌ಗೆ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಕಾಟಾದ ಮೇಲೆ ತೊಗರಿ ಲಾರಿ ನಿಂತು ತೂಕ ಆದ ಕೂಡಲೇ ಒಂದು ಸಿಎಸ್‌ವಿ ಫೈಲು ಬೀಳುತ್ತದೆ, ಕ್ಯಾಮೆಲ್ (ಒಂದು ಕಡೆಯಿಂದ ಇನ್ನೊಂದು ಕಡೆಗೆ ಡೇಟಾ ಸಾಗಿಸೋ ಜಾವಾ ಲೈಬ್ರರಿ) ಅದನ್ನು ಎತ್ತಿ ಎಫ್‌ಟಿಪಿಯಲ್ಲಿ ಲೆಕ್ಕದವರ ಸರ್ವರ್‌ಗೆ ಕಳಿಸುತ್ತದೆ. ಇಷ್ಟೇ ಕೆಲಸ. ಆದರೆ ಎಲ್ಲಿಗೆ, ಹೇಗೆ ಕಳಿಸಬೇಕು ಅಂತ ಕ್ಯಾಮೆಲ್‌ಗೆ ಹೇಳೋ ವಿಳಾಸ, ಆ ಯುಆರ್‌ಐ ಸಾಲು ನೋಡಬೇಕಿತ್ತು! ಯೂಸರ್‌ನೇಮ್, ಪಾಸ್‌ವರ್ಡ್, ಪ್ಯಾಸಿವ್ ಮೋಡ್ ಎಲ್ಲವನ್ನೂ ಒಂದು ಪ್ರಶ್ನೆ ಚಿಹ್ನೆ ಆದಮೇಲೆ & ಹಾಕಿ ಹಾಕಿ ಪೋಣಿಸಿದ್ದೆ.

ಜನವರಿ ಸೀಸನ್‌ನಲ್ಲಿ ಲಾರಿಗಳು ಸಾಲುಗಟ್ಟಿದ್ದಾಗ ಸರ್ವರ್‌ನವರು ಪಾಸ್‌ವರ್ಡ್ ಬದಲಿಸಿದರು. ಲಾಗಿನ್ ಆಗಲೇ ಇಲ್ಲ. ಅದೇ ಪಾಸ್‌ವರ್ಡ್ ಫೈಲ್‌ಜಿಲ್ಲಾ ಅನ್ನೋ ಎಫ್‌ಟಿಪಿ ಪ್ರೋಗ್ರಾಂನಲ್ಲಿ ಸಲೀಸಾಗಿ ನಡೆಯುತ್ತಿದೆ, ನನ್ನಲ್ಲಿ ಮಾತ್ರ ಇಲ್ಲ. ಎರಡು ತಾಸು ತಲೆ ಕೆರೆದುಕೊಂಡ ಮೇಲೆ ಕಂಡಿದ್ದು: ಅದರಲ್ಲಿ ಒಂದು + ಇತ್ತು, ಯುಆರ್‌ಐ ಅದನ್ನು ಖಾಲಿ ಜಾಗ ಅಂತ ಓದುತ್ತಿತ್ತು. ಪಾಸ್‌ವರ್ಡನ್ನು 'ರಾ' ಅನ್ನೋ ಆವರಣದೊಳಗೆ, ಅಂದರೆ ಇದ್ದದ್ದನ್ನು ಇದ್ದಹಾಗೇ ಓದು ಅಂತ ಹೇಳೋ RAW(...) ಒಳಗೆ ಇಟ್ಟೆ, ಸರಿಹೋಯಿತು.

ಆಮೇಲೆ ಬೇಜಾರಾಗಿ ಎಂಡ್‌ಪಾಯಿಂಟ್ ಡಿಎಸ್‌ಎಲ್‌ಗೆ ಬಂದೆ, ಅಂದರೆ ಆ ವಿಳಾಸವನ್ನು ಉದ್ದನೆ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಬದಲು ಜಾವಾ ಕೋಡ್ ಆಗಿಯೇ ಬರೆಯೋ ವಿಧಾನ. 2019ರಲ್ಲಿ ಕ್ಯಾಮೆಲ್ 3.0 ಜೊತೆ ಬಂದಿದ್ದು, ನಾನೇ ತಡ. ಅದರ ಜಾರ್ (ಜಾವಾ ಲೈಬ್ರರಿ ಫೈಲು) ಸೇರಿಸಿ, ರೂಟು ಅಂದರೆ ಡೇಟಾ ಸಾಗೋ ದಾರಿ ಬರೆಯೋ ಕ್ಲಾಸ್‌ನಲ್ಲಿ ರೂಟ್‌ಬಿಲ್ಡರ್ ಬದಲು ಎಂಡ್‌ಪಾಯಿಂಟ್ ರೂಟ್‌ಬಿಲ್ಡರ್ ಅಂತ ಬದಲಿಸಿದರೆ ಸಾಕು, ಎಡಿಟರ್‌ನಲ್ಲಿ ಎಫ್‌ಟಿಪಿ ಅಂತ ಬರೆದು ಒಂದು ಚುಕ್ಕಿ ಒತ್ತಿದರೆ ಇರೋ ಆಯ್ಕೆಗಳೆಲ್ಲ ವಿವರಣೆ ಸಮೇತ ಎದುರಿಗೆ ಬರುತ್ತವೆ. ಅಕ್ಷರ ತಪ್ಪಿದರೆ ಅಲ್ಲೇ ಕೆಂಪು ಗೆರೆ. ಹಳೇ ಯುಆರ್‌ಐ ಸ್ಟ್ರಿಂಗ್‌ನಲ್ಲಿ ತಪ್ಪಿದರೂ ಕ್ಯಾಮೆಲ್ ಸುಮ್ನೆ ಬಿಡಲ್ಲ, ಆದರೆ ಅದು ಬೈಯೋದು ಪ್ರೋಗ್ರಾಂ ಶುರು ಮಾಡಿದಾಗ, ಮಿಲ್‌ನ ಹಳೇ ಕಂಪ್ಯೂಟರ್ ಮುಂದೆ ಕೂತು ಅದಕ್ಕೆ ಕಾಯೋರು ಯಾರು?

ಹಾಗಂತ ಕಣ್ಣು ಮುಚ್ಚಿ ನಂಬಬೇಡಿ. ಪ್ಲೇಸ್‌ಹೋಲ್ಡರ್ (ನಿಜವಾದ ಅಂಕಿ ಆಮೇಲೆ ಬೇರೆ ಕಡೆಯಿಂದ ಬಂದು ಕೂರೋ ಹೆಸರು) ಹಾಕೋಕೆ ಅನುಕೂಲ ಆಗಲಿ ಅಂತ ಡಿಲೇ ಥರದ ಆಯ್ಕೆಗಳು 5000 ಅನ್ನೋ ಅಂಕಿಯ ಜೊತೆ ಸ್ಟ್ರಿಂಗನ್ನೂ ಒಪ್ಪುತ್ತವೆ, ಅಂದರೆ ಅಲ್ಲಿ "ನಾಳೆ ಬಾ" ಅಂತ ಬರೆದರೂ ಕಂಪೈಲ್ ಆಗುತ್ತದೆ. ಇನ್ನೊಂದು, ಎಫ್‌ಟಿಪಿ ಥರದ ಎಲ್ಲ ಕಾಂಪೊನೆಂಟುಗಳ ಬಿಲ್ಡರ್‌ಗಳೂ (ಆಯ್ಕೆಗಳ ಪಟ್ಟಿ ಕೊಡೋ ಕೋಡ್) ಒಂದೇ ಜಾರ್‌ನಲ್ಲಿವೆ, ನಿಜವಾಗಿ ಕೆಲಸ ಮಾಡೋ ಕಾಂಪೊನೆಂಟಿನ ಜಾರ್ ಬೇರೆ. ಎಫ್‌ಟಿಪಿ ಕಾಂಪೊನೆಂಟಿನ ಜಾರ್ ಸೇರಿಸೋದನ್ನೇ ನಾನು ಮರೆತಿದ್ದೆ, ಕೆಂಪು ಗೆರೆ ಒಂದೂ ಇಲ್ಲ, ಓಡಿಸಿದಾಗ ಮಕಾಡೆ ಬಿತ್ತು. ಕೆಲವು ಆಯ್ಕೆಗಳು 'ಅಡ್ವಾನ್ಸ್ಡ್' ಒಳಗೆ ಅಡಗಿರುತ್ತವೆ, ಮೊದಲ ದಿನ ಹುಡುಕಾಟ ಜಾಸ್ತಿ.

ಜಾವಾದಲ್ಲಿ ಬರೆಯೋರಿಗೆ ನನ್ನ ಓಟು ಇದಕ್ಕೇ. ಎಕ್ಸ್‌ಎಂಎಲ್, ಯಾಮಲ್ ರೂಟುಗಳಿಗೆ ಇದು ಆಗಿಬರಲ್ಲ. ಹಳೇ ಸ್ಟ್ರಿಂಗ್ ಸಾಲುಗಳು ಇದರ ಪಕ್ಕದಲ್ಲೇ ನಡೆಯುತ್ತವೆ, ಒಂದೇ ದಿನ ಎಲ್ಲ ಬದಲಿಸಬೇಕಿಲ್ಲ. ನಾನು ಎಫ್‌ಟಿಪಿ ಸಾಲೊಂದನ್ನೇ ಬದಲಿಸಿದ್ದೇನೆ, ಉಳಿದವು ಸೀಸನ್ ಮುಗಿದ ಮೇಲೆ.