ಮೇನ್ ರಾಜ್ಯದ ಪ್ರಾಶಸ್ತ್ಯ ಮತಪತ್ರ: ಪತ್ರ ಸರಿಯಿದೆ, ಕಾನೂನು ಅರ್ಧಕ್ಕೆ ನಿಂತಿದೆ

ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಅಮೆರಿಕದ ಮೇನ್ ರಾಜ್ಯದ ಮತಪತ್ರ ತೀರಾ ಹೊಸದೆನಿಸದು. 1, 2, 3 ಎಂದು ಅಂಕಿ ಬರೆಯುವ ಬದಲು ಮೊಟ್ಟೆಯಾಕಾರದ ಖಾನೆಗೆ ಕಪ್ಪು ತುಂಬಬೇಕು, ಅಷ್ಟೇ. ಹೆಸರುಗಳು ಒಂದರ ಕೆಳಗೊಂದು. ಎದುರಿಗೆ ಮೊದಲ ಆಯ್ಕೆ, ಎರಡನೆಯದು, ಮೂರನೆಯದು ಎಂಬ ಕಾಲಂಗಳು. ಒಬ್ಬರಿಗೇ ಎಲ್ಲ ಕಾಲಂ ತುಂಬಿದರೂ ಮತ ಒಂದೇ. ನಡುವೆ ಒಂದು ಕಾಲಂ ಖಾಲಿ ಬಿಟ್ಟರೆ ಮುಂದಿನದನ್ನು ಎಣಿಸುತ್ತಾರೆ. ಸಾಲಾಗಿ ಎರಡು ಬಿಟ್ಟರೆ ಅಲ್ಲಿಂದಾಚೆ ಆ ಪತ್ರ ಲೆಕ್ಕಕ್ಕಿಲ್ಲ. ಒಂದೇ ಕಾಲಂನಲ್ಲಿ ಇಬ್ಬರಿಗೆ ಗುರುತು ಹಾಕಿದರೂ ಅದೇ ಗತಿ. ಯಂತ್ರಕ್ಕೆ ಹಾಕುವ ಮುನ್ನವೇ ತಪ್ಪು ಕಂಡರೆ ಮತಗಟ್ಟೆ ಸಿಬ್ಬಂದಿಯಲ್ಲಿ ಬೇರೆ ಪತ್ರ ಕೇಳಿ.

ಮೊದಲ ಆಯ್ಕೆಯ ಮತಗಳಲ್ಲಿ ಯಾರೂ ಅರ್ಧ ದಾಟದಿದ್ದರೆ ಕೆಳಗಿನವರನ್ನು ಕೈಬಿಟ್ಟು ಅವರ ಮತದಾರರ ಮುಂದಿನ ಆಯ್ಕೆ ಎಣಿಸಬೇಕು. ಅದಕ್ಕೆ ಊರೂರಿನ ಮತಪತ್ರಗಳು ರಾಜಧಾನಿ ಅಗಸ್ಟಾಕ್ಕೆ ಬರಬೇಕು. ಸಣ್ಣ ಊರುಗಳಲ್ಲಿ ಕೈಯಲ್ಲೇ ಎಣಿಸಿದ ಪತ್ರಗಳನ್ನು ಅಲ್ಲಿ ಸ್ಕ್ಯಾನ್ ಮಾಡುತ್ತಾರೆ. ತಡವಾಗುವುದು ಇಲ್ಲಿ. 2018ರ ನವೆಂಬರ್ 6ರಂದು ಮತದಾನವಾದ ಎರಡನೇ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದ ಫಲಿತಾಂಶ ಬಂದದ್ದು 15ಕ್ಕೆ. ಮೊದಲ ಸುತ್ತಿನಲ್ಲಿ ಬ್ರೂಸ್ ಪೊಲಿಕ್ವಿನ್ 1,34,184, ಜೇರೆಡ್ ಗೋಲ್ಡನ್ 1,32,013. ಕೆಳಗಿನ ಇಬ್ಬರನ್ನು ಒಟ್ಟಿಗೇ ಕೈಬಿಟ್ಟು ಅವರ ಮತದಾರರ ಮುಂದಿನ ಆಯ್ಕೆ ಸೇರಿಸಿದಾಗ ಗೋಲ್ಡನ್ 1,42,440, ಪೊಲಿಕ್ವಿನ್ 1,38,931. ಆ ಹೊತ್ತಿಗೆ 8,253 ಮತಗಳು ಇಬ್ಬರಿಗೂ ಸೇರದೆ ಹೋದವು. ಗೆಲುವಿನ ಅಂತರ 3,509 ಎಂದ ಮೇಲೆ ಇದು ಸಣ್ಣ ಸಂಖ್ಯೆಯಲ್ಲ. ಆದ್ದರಿಂದ ಮೊದಲ ಆಯ್ಕೆಗೇ ನಿಲ್ಲಬೇಡಿ. ಒಪ್ಪಬಹುದಾದವರನ್ನೆಲ್ಲ ಕ್ರಮವಾಗಿ ಗುರುತಿಸಿ.

ದೊಡ್ಡ ಕೊರತೆ ಕಾನೂನಿನದು. 2010ರಲ್ಲಿ ಪಾಲ್ ಲಪಾಜ್ ಶೇ 38ರ ಆಸುಪಾಸಿನ ಮತದಲ್ಲೇ ಗವರ್ನರ್ (ಅಲ್ಲಿ ಜನರೇ ಆರಿಸುವ ರಾಜ್ಯದ ಮುಖ್ಯಸ್ಥ) ಆದದ್ದು ಈ ಸುಧಾರಣೆಯ ಬೇಡಿಕೆಗೆ ಬಲ ಕೊಟ್ಟಿತ್ತು. 2016ರಲ್ಲಿ ಜನ ಮತ ಹಾಕಿ ಒಪ್ಪಿದರು. ಮರುವರ್ಷ ರಾಜ್ಯದ ಅತ್ಯುನ್ನತ ನ್ಯಾಯಾಲಯ, ರಾಜ್ಯ ಸಂವಿಧಾನದ ಪ್ರಕಾರ ಗವರ್ನರ್ ಮತ್ತು ಶಾಸಕರ ಸಾರ್ವತ್ರಿಕ ಚುನಾವಣೆಯಲ್ಲಿ, ಅರ್ಧ ದಾಟದಿದ್ದರೂ, ಎಲ್ಲರಿಗಿಂತ ಹೆಚ್ಚು ಮತ ಪಡೆದವರೇ ಗೆಲ್ಲಬೇಕು ಎಂದು ಅಭಿಪ್ರಾಯ ಕೊಟ್ಟಿತು. ಶಾಸಕಾಂಗ ಕಾನೂನನ್ನೇ ಮುಂದೂಡಿತು. ಜನ ಸಹಿ ಸಂಗ್ರಹಿಸಿ 2018ರ ಜೂನ್‌ನಲ್ಲಿ ಮತ್ತೆ ಮತ ಹಾಕಿ ಉಳಿಸಿಕೊಂಡರು. ಆ ಛಲಕ್ಕೆ ತಲೆಬಾಗಬೇಕು. ಆದರೂ ಯಾವ ಹುದ್ದೆಗಾಗಿ ಕೂಗೆದ್ದಿತೋ ಆ ಗವರ್ನರ್ ಹುದ್ದೆಗೇ ನವೆಂಬರ್‌ನ ಸಾರ್ವತ್ರಿಕ ಚುನಾವಣೆಯಲ್ಲಿ ಹಳೆಯ ಪದ್ಧತಿ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಗೂ ಕಾಂಗ್ರೆಸ್ಸಿಗೂ ಪ್ರಾಶಸ್ತ್ಯ ಮತ. ಇದು ಬದಲಾಗಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬೆಂಬಲ, ಅದರ ಮೇಲೆ ಜನಮತ ಬೇಕು. ಅಲ್ಲಿಯವರೆಗೆ ಗವರ್ನರ್ ಸಾಲಿನಲ್ಲಿ ಒಂದೇ ಖಾನೆ ತುಂಬಿ. ಎರಡು ತುಂಬಿದರೆ ಆ ಹುದ್ದೆಯ ಮತ ರದ್ದು.